ಒಪ್ಪತ್ತಿನ ಹೊಸ ಲೆಕ್ಕ

‘ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಅದೇ ಮಾತು ಈಗ ‘16:8’ ಎಂಬ ಅಂಕಿಗಳ ವೇಷ ತೊಟ್ಟು ನಮ್ಮ ಮೊಬೈಲುಗಳಿಗೆ ಮರಳಿದೆ. ಉಣ್ಣುವುದನ್ನೆಲ್ಲ ದಿನದ 8 ಗಂಟೆಗಳೊಳಗೆ ಉಂಡು ಮುಗಿಸಿ, ಉಳಿದ 16 ಗಂಟೆಗಳನ್ನು ನೀರು ಮತ್ತು ಸಕ್ಕರೆಯಿಲ್ಲದ ಚಹಾದಲ್ಲಿ ಕಳೆದರೆ ತೂಕ ಇಳಿಯುತ್ತದೆ ಎಂಬುದು ಅದರ ಭರವಸೆ. ಸಂಘದ ಕಾರ್ಯಕ್ರಮಗಳ ಉಪಾಹಾರದ ಮೇಜಿನ ಬಳಿಯೂ ‘ನನ್ನದು ಏಳಕ್ಕೇ ಮುಗಿಯಿತು’ ಎಂದು ನಯವಾಗಿ ಕೈಮುಗಿಯುವವರು ಈಗ ಇದ್ದಾರೆ. ಸಂಜೆಯ ಬಳಿಕ ಉಣ್ಣದಿರುವುದರಲ್ಲಿ ತಿರುಳಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಆ ತಿರುಳು ಯಾವುದು, ಅದರ ಬೆಲೆಯನ್ನು ಮನೆಯಲ್ಲಿ ತೆರುವವರು ಯಾರು ಎಂಬೆರಡು ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುತ್ತಿಲ್ಲ.

ಮೊದಲು ತಿರುಳಿನ ಮಾತು. ದೇಹಕ್ಕೆ ತನ್ನದೇ ಆದ ಹಗಲಿರುಳಿನ ಲಯವಿದೆ. ಒಂದೇ ಊಟವನ್ನು ಬೆಳಿಗ್ಗೆ ಉಂಡುದಕ್ಕಿಂತ ರಾತ್ರಿ ಉಂಡರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ. ನಿದ್ರೆಗೆ ನಮ್ಮನ್ನು ಅಣಿಗೊಳಿಸುವ ಮೆಲಟೋನಿನ್ ಇನ್ಸುಲಿನ್ನಿನ ಸ್ರಾವವನ್ನು ತಗ್ಗಿಸುವುದು ಇದಕ್ಕೊಂದು ಕಾರಣ. 2018ರಲ್ಲಿ ಅಮೆರಿಕದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ ಬೆರಳೆಣಿಕೆಯ ಪುರುಷರು ಐದು ವಾರಗಳ ಕಾಲ ದಿನದ ಊಟವನ್ನೆಲ್ಲ ಮಧ್ಯಾಹ್ನ ಮೂರರೊಳಗೆ ಮುಗಿಸಿದರು. ಅವರ ತೂಕ ಇಳಿಯದಿದ್ದರೂ ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ರೀತಿ ಸುಧಾರಿಸಿತು, ರಕ್ತದೊತ್ತಡವೂ ತಗ್ಗಿತು. 2022ರ ಇನ್ನೊಂದು ಸಣ್ಣ ಪ್ರಯೋಗದಲ್ಲಿ 16 ಜನರಿಗೆ ಅದೇ ಆಹಾರವನ್ನು ಸುಮಾರು 4 ಗಂಟೆ ತಡವಾಗಿ ಕೊಟ್ಟಾಗ ಹಸಿವು ಹೆಚ್ಚಿತು, ದೇಹ ವ್ಯಯಿಸುವ ಶಕ್ತಿ ಕಡಿಮೆಯಾಯಿತು. ಹೊತ್ತಿಗೂ ಊಟಕ್ಕೂ ನಂಟಿದೆ ಎಂಬ ಹಿರಿಯರ ತಿಳಿವಳಿಕೆ ಪೊಳ್ಳಲ್ಲ.

ಆದರೆ ತೂಕದ ಮಾತು ಬೇರೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 116 ಜನರ ಪೈಕಿ ಒಂದು ಗುಂಪು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಮಾತ್ರ ಉಂಡಿತು, ಇನ್ನೊಂದು ಗುಂಪು ಎಂದಿನಂತೆ ಮೂರು ಹೊತ್ತು ಉಂಡಿತು. ಹನ್ನೆರಡು ವಾರಗಳ ಬಳಿಕ ಎರಡು ಗುಂಪುಗಳ ತೂಕದ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. 2022ರಲ್ಲಿ ಚೀನಾದ ಗುವಾಂಗ್‌ಝೌ ನಗರದಿಂದ ಬಂದ ವರದಿಯೂ ಅದನ್ನೇ ಹೇಳಿತು. ಅಲ್ಲಿ ಸ್ಥೂಲಕಾಯದ 139 ಜನ ಒಂದು ವರ್ಷ ಮಿತಾಹಾರದಲ್ಲಿದ್ದರು. ಅವರಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಉಂಡವರು ಸರಾಸರಿ 8 ಕಿಲೋ ಇಳಿದರು, ಹೊತ್ತಿನ ಕಟ್ಟಿಲ್ಲದವರು 6.3 ಕಿಲೋ ಇಳಿದರು. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಅದು ಗಣನೀಯ ವ್ಯತ್ಯಾಸವಲ್ಲ. ತೂಕವನ್ನು ಇಳಿಸಿದ್ದು ತಟ್ಟೆ, ಗಡಿಯಾರವಲ್ಲ. ಊಟವಾದ ಮೇಲೆ ಟಿವಿಯ ಮುಂದೆ ಚಕ್ಕುಲಿ, ಫರಸಾಣಗಳ ಡಬ್ಬಿ ತೆರೆಯುವವರಿಗೆ ಗಡಿಯಾರ ಒಂದು ಒಳ್ಳೆಯ ಬೇಲಿಯಾದೀತು. ಅದರ ಉಪಯೋಗ ಅಷ್ಟೇ.

ನಮ್ಮಲ್ಲಿ ಬಹುಮಂದಿ ಈ ಬೇಲಿಯನ್ನು ಹಾಕುವುದೂ ತಪ್ಪು ಕಡೆಗೆ. ಸುಲಭವೆಂದು ಬೆಳಗಿನ ಇಡ್ಲಿ, ಉಪ್ಪಿಟ್ಟನ್ನು ಬಿಟ್ಟು, ರಾತ್ರಿಯ ಊಟವನ್ನು ಯಥಾಪ್ರಕಾರ ಉಳಿಸಿಕೊಳ್ಳುತ್ತಾರೆ. ದೇಹ ಚೆನ್ನಾಗಿ ಅರಗಿಸುವ ಹೊತ್ತಿಗೆ ಉಪವಾಸ, ಅರಗಿಸಲು ಹೆಣಗುವ ಹೊತ್ತಿಗೆ ಊಟ! ಬಿಡುವುದೇ ಆದರೆ ಇರುಳನ್ನು ಬಿಡಬೇಕು, ಬೆಳಗನ್ನಲ್ಲ.

ಇರುಳನ್ನು ಬಿಡುವುದು ಈ ಮಹಾನಗರದಲ್ಲಿ ಯಾರ ಕೈಯಲ್ಲಿದೆ? ಆರೂವರೆಗೆ ಕಚೇರಿ ಬಿಟ್ಟು, ಚರ್ಚ್‌ಗೇಟಿನಿಂದ ವಿರಾರಿಗೋ ಸಿಎಸ್‌ಎಂಟಿಯಿಂದ ಕಲ್ಯಾಣಕ್ಕೋ ಗಂಟೆಗೂ ಮೀರಿ ಲೋಕಲ್‌ನಲ್ಲಿ ನಿಂತು ಬರುವವರಿಗೆ ಮನೆಯ ಬಾಗಿಲು ಕಾಣುವಾಗ ಎಂಟೂವರೆ ದಾಟಿರುತ್ತದೆ. ನಡುವೆ ಸ್ಟೇಷನ್ನಿನಲ್ಲೊಂದು ವಡಾಪಾವ್. ಬಂದಮೇಲೆ ಪೂರ್ತಿ ಊಟ. ‘ಏಳರ ನಂತರ ತಿನ್ನಬೇಡಿ’ ಎಂಬ ಉಪದೇಶ ಏಳಕ್ಕೆ ಮನೆಯಲ್ಲಿರಬಲ್ಲವರಿಗಾಗಿ ಹುಟ್ಟಿದ್ದು.

ಮನೆಯೊಳಗಿನ ಲೆಕ್ಕ ಇನ್ನೂ ಕಠಿಣ. ಯಜಮಾನರ ವ್ರತಕ್ಕೆ ಆರೂವರೆಗೆ ಹೆಸರುಕಾಳಿನ ಕೋಸಂಬರಿ, ಅತ್ತೆಯವರಿಗೆ ಎಂಟಕ್ಕೆ ಮೆತ್ತನೆಯ ಅನ್ನ, ಕ್ಲಾಸಿನಿಂದ ಬರುವ ಮಕ್ಕಳಿಗೆ ಒಂಬತ್ತೂವರೆಗೆ ಬಿಸಿ ಚಪಾತಿ. ಇಷ್ಟನ್ನೂ ಬಡಿಸಿದ ಗೃಹಿಣಿ ಹತ್ತೂವರೆಗೆ, ಉಳಿದುದನ್ನು ಚೆಲ್ಲಲಾರದೆ ಉಣ್ಣುತ್ತಾಳೆ. ಒಬ್ಬರ ಉಪವಾಸ ಇನ್ನೊಬ್ಬರ ಊಟವನ್ನು ಮತ್ತಷ್ಟು ಇರುಳಿಗೆ ತಳ್ಳುತ್ತದೆ. ತೂಕ ಇಳಿದವರನ್ನು ಎಲ್ಲರೂ ಅಭಿನಂದಿಸುತ್ತಾರೆ, ಆ ಇಳಿಕೆಗೆ ಮೂರು ಸಲ ಒಲೆ ಹೊತ್ತಿಸಿದವಳ ಲೆಕ್ಕ ಯಾವ ಮೊಬೈಲಿನಲ್ಲೂ ಇಲ್ಲ.

ಹಳೆಯ ಉಪವಾಸಗಳು ಬಹುಮಟ್ಟಿಗೆ ಮನೆಯವರದಾಗಿದ್ದವು. ಏಕಾದಶಿಯಂದು ಹಿರಿಯರೆಲ್ಲ ಕೂಡಿಯೇ ಊಟ ಬಿಡುತ್ತಿದ್ದ ಮನೆಗಳಲ್ಲಿ ಅಂದು ಒಲೆಗೂ ಬಿಡುವು ಸಿಗುತ್ತಿತ್ತು. ಮರುದಿನದ ದ್ವಾದಶಿ ಪಾರಣೆಗೆ ಎಲ್ಲರ ಎಲೆಯೂ ಒಟ್ಟಿಗೇ ಬೀಳುತ್ತಿತ್ತು. ಹಾಗೆಂದು ಹಳೆಯದನ್ನೆಲ್ಲ ಹೊಗಳುವಂತಿಲ್ಲ. ಇದೇ ‘ಒಪ್ಪತ್ತು’ ಎಂಬ ಶಬ್ದ ಎಷ್ಟೋ ಮನೆಗಳಲ್ಲಿ ವಿಧವೆಯರ ಮೇಲೆ ಬದುಕಿನುದ್ದಕ್ಕೂ ಹೇರಿದ ಶಿಕ್ಷೆಯ ಹೆಸರಾಗಿತ್ತು. ಬಡವರ ಮನೆಗಳಲ್ಲಿ ಅದು ವ್ರತವೂ ಅಲ್ಲ, ಶಿಕ್ಷೆಯೂ ಅಲ್ಲ, ಬರೀ ಇಲ್ಲಮೆ. ಹಸಿವನ್ನು ಆಯ್ದುಕೊಳ್ಳುವುದೂ ಒಂದು ಅನುಕೂಲವೇ ಎಂಬುದು ನಮಗೆ ನೆನಪಿರಬೇಕು.

ಅನುಕರಣೆಗೆ ಯೋಗ್ಯವಾದ ಮಾದರಿಯೊಂದು ನಮ್ಮ ಪಕ್ಕದಲ್ಲೇ ಇದೆ. ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ‘ಚೋವಿಹಾರ’ವನ್ನು ಪಾಲಿಸುವ ಜೈನರು ಮುಂಬಯಿಯಲ್ಲಿ ಸಾಕಷ್ಟಿದ್ದಾರೆ. ಇಲ್ಲಿ ಡಿಸೆಂಬರಿನಲ್ಲಿ ಆರರ ಸುಮಾರಿಗೆ, ಜೂನಿನಲ್ಲಿ ಏಳೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಅಷ್ಟರೊಳಗೆ ಮನೆ ಸೇರಲಾಗದ ಉದ್ಯೋಗಸ್ಥರು ಕಚೇರಿಯಲ್ಲೇ ಡಬ್ಬಿ ಬಿಚ್ಚಿ ಊಟ ಮುಗಿಸುತ್ತಾರೆ. ರಾತ್ರಿಭೋಜನ ತ್ಯಾಗ ಅವರಿಗೆ ಅಹಿಂಸೆಯ ನೇಮ, ತೂಕದ ಉಪಾಯವಲ್ಲ. ಆದರೂ ಅವರ ಆ ಎರಡನೆಯ ಡಬ್ಬಿಯನ್ನು ನಾವು ಎರವಲು ಪಡೆಯಬಹುದು. ಬೆಳಗಿನ ಅಡುಗೆಯಲ್ಲೇ ಎರಡು ಚಪಾತಿ, ಪಲ್ಯ ತೆಗೆದಿಟ್ಟುಕೊಂಡು ಸಂಜೆ ಆರಕ್ಕೆ ಉಂಡರೆ ವಡಾಪಾವ್ ತಾನಾಗಿ ತಪ್ಪುತ್ತದೆ. ರಾತ್ರಿ ಮನೆಯಲ್ಲಿ ಎಲ್ಲರೊಡನೆ ಕುಳಿತು ಒಂದು ಬಟ್ಟಲು ಸಾರನ್ನೋ ಮಜ್ಜಿಗೆಯನ್ನೋ ಕುಡಿದರೆ ಸಾಕು. ನೇಮ ಕೂದಲೆಳೆಯಷ್ಟು ಮುರಿದೀತು, ಜೊತೆಯೂಟ ಮುರಿಯದು.

ಇದೂ ಎಲ್ಲರಿಗಲ್ಲ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ಈ ಪ್ರಯೋಗದಿಂದ ದೂರವಿರಬೇಕು. ಉಣ್ಣುವುದಕ್ಕೇ ಹೆದರುವ ಹದಿಹರೆಯದವರ ಮುಂದೆ ಉಪವಾಸದ ಗಂಟೆಗಳನ್ನು ಎಣಿಸಿ ಮೆರೆಯುವುದಂತೂ ಸಲ್ಲದು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ‘ಬಲ್ಲ’ ಎಂಬುದಕ್ಕೆ ಏನು, ಎಷ್ಟು, ಯಾವಾಗ ಎಂಬ ಮೂರು ಅರ್ಥಗಳನ್ನು ನಾವು ಹೇಳಿಕೊಂಡು ಬಂದಿದ್ದೇವೆ. ಯಾರೊಡನೆ, ಯಾರ ದುಡಿಮೆಯಿಂದ ಎಂಬ ಇನ್ನೆರಡನ್ನು ಸೇರಿಸಿಕೊಳ್ಳಬೇಕಾಗಿದೆ. ಸಂಜೆಯ ಊಟವನ್ನು ಬೇಗ ಮುಗಿಸುವ ಸಂಕಲ್ಪ ಮಾಡುವವರು ಮೊದಲ ದಿನ ತಮ್ಮ ತೂಕವನ್ನು ಬರೆದಿಡುವುದರ ಜೊತೆಗೆ, ಮನೆಯಲ್ಲಿ ಕೊನೆಯದಾಗಿ ಉಣ್ಣುವವರು ಎಷ್ಟು ಗಂಟೆಗೆ ಉಂಡರು ಎಂಬುದನ್ನೂ ಬರೆದಿಡಲಿ. ಮೂರು ತಿಂಗಳ ಬಳಿಕ ಆ ಎರಡನೆಯ ಅಂಕಿಯೂ ಇಳಿದಿದ್ದರೆ ಮಾತ್ರ ಆ ವ್ರತ ಫಲಿಸಿತೆನ್ನಬೇಕು.