ಕರ್ಪೂರದ ಗಂಟು ಮೂಸಿದರೆ ಬೆಟ್ಟದಲ್ಲಿ ಆಮ್ಲಜನಕ ಹೆಚ್ಚುತ್ತದೆಯೇ?

ಕೇದಾರನಾಥ, ಲೇಹ್ ಕಡೆ ಹೊರಟವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ತಿರುಗುತ್ತಲೇ ಇರುತ್ತದೆ: ಕರ್ಪೂರ, ಲವಂಗ, ಅಜವಾನ ಗಂಟು ಕಟ್ಟಿ ಮೂಸಿ, ಆಮ್ಲಜನಕ ಏರುತ್ತದೆ. ಏರುವುದಿಲ್ಲ. ಕರ್ಪೂರ ಮೂಗಿನಲ್ಲಿ ತಂಪು ಹುಟ್ಟಿಸುತ್ತದೆ, ಉಸಿರು ಸಲೀಸಾದಂತೆ ಅನಿಸುತ್ತದೆ, ಅಷ್ಟೆ. ಮಕ್ಕಳು ನುಂಗಿದರಂತೂ ವಿಷ.

ಬೆಟ್ಟದ ಮೇಲೂ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟೇ ಇರುತ್ತದೆ. ಇಳಿಯುವುದು ಗಾಳಿಯ ಒತ್ತಡ. 3,583 ಮೀಟರ್ ಎತ್ತರದ ಕೇದಾರನಾಥದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಮೂರನೇ ಎರಡರಷ್ಟು. ಇದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳೇ ಬೇಕು.

ದುಬೈ, ದೋಹಾದಲ್ಲಿ ದುಡಿಯುವ ಸೇಡಂ, ಶಹಾಬಾದ್ ಕಡೆಯವರಿಗೆ ಕಷ್ಟ ಇಲ್ಲೇ. ರಜೆ ಸ್ವಲ್ಪ, ಊರಿಗೂ ಬರಬೇಕು, ಬೆಟ್ಟವನ್ನೂ ಏರಬೇಕು. ಕತ್ತರಿ ಬೀಳುವುದು ವಿಶ್ರಾಂತಿಯ ದಿನಕ್ಕೆ. ಅಲ್ಲಿ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ, ಇಲ್ಲಿ ಚಿಂಚೋಳಿಯ ಗುಡ್ಡ ಸುತ್ತಿದರೆ ಕಾಲು ಗಟ್ಟಿಯಾಗುತ್ತದೆ, ಹೊಸ ಬೂಟು ಪಳಗುತ್ತದೆ. ಒಳ್ಳೆಯದೇ. ಆದರೆ ಎತ್ತರದ ಅಭ್ಯಾಸ ಆಗದು. ವಾಡಿ, ಚಿತ್ತಾಪುರ ಇರುವುದೇ 500 ಮೀಟರ್ ಒಳಗೆ. ಗಟ್ಟಿಮುಟ್ಟಾದ ಹುಡುಗರೇ ಬೇಗ ಏರಿ ತೊಂದರೆಗೆ ಸಿಲುಕುವುದುಂಟು.

3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರದಿರಲಿ. ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ತಂಗಿ. ಡಯಾಮಾಕ್ಸ್ ಮಾತ್ರೆ ಬೇಕೇ ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ತಲೆನೋವಿನ ಜೊತೆ ವಾಕರಿಕೆ ಬಂದರೆ ಮುಂದೆ ಏರಬೇಡಿ. ನಡಿಗೆ ತೂರಾಡಿದರೆ, ಕುಳಿತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಸರಿ, ಜೊತೆಗೊಬ್ಬರು ಇದ್ದು ಕೆಳಗಿಳಿಸಿ.