ಕಾಸು ಕೊಟ್ಟರೂ ಕಜ್ಜಾಯ ಇಲ್ಲ

2025ರ ಡಿಸೆಂಬರ್ ಮೊದಲ ವಾರ ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆ ನಡೆಯಿತು. ಮಂದಿ ಬಂದಿದ್ದರು, ಅಡುಗೆ ಆಗಿತ್ತು, ಮದುಮಕ್ಕಳು ಮಾತ್ರ ಇರಲಿಲ್ಲ. ಭುವನೇಶ್ವರದಿಂದ ಬೆಂಗಳೂರು ಮೇಲೆ ಬರಬೇಕಿದ್ದ ಅವರ ಇಂಡಿಗೊ ವಿಮಾನ ತಡವಾಗುತ್ತ ತಡವಾಗುತ್ತ ಕೊನೆಗೆ ರದ್ದೇ ಆಯಿತು. ವೇದಿಕೆ ಮೇಲೆ ಹುಡುಗಿಯ ತಂದೆ-ತಾಯಿ ಕುಳಿತರು. ಮದುಮಕ್ಕಳು ಭುವನೇಶ್ವರದಲ್ಲೇ ಶೃಂಗಾರ ಮಾಡಿಕೊಂಡು ಪರದೆ ಮೇಲೆ ಕೈಮುಗಿದರು. ದೇಶವೆಲ್ಲ ಆ ವಿಡಿಯೊ ನೋಡಿ ನಕ್ಕಿತು. ಕೊಪ್ಪಳ ಜಿಲ್ಲೆಯವರಿಗೂ ಹುಬ್ಬಳ್ಳಿಯೇ ವಿಮಾನ ನಿಲ್ದಾಣ, ಹೀಗಾಗಿ ನಮಗೆ ಅಷ್ಟು ನಗು ಬರಲಿಲ್ಲ.

ಆ ವಾರ ಆದದ್ದೇನು? ಪೈಲಟ್‌ಗಳಿಗೆ ವಾರಕ್ಕೆ 36 ತಾಸಿದ್ದ ವಿಶ್ರಾಂತಿ ಅದಕ್ಕೆ ಮೊದಲೇ 48 ತಾಸಾಗಿತ್ತು, ರಾತ್ರಿ ಹಾರಾಟಕ್ಕೆ ಮಿತಿ ಬಂದಿತ್ತು. ಇದು ಏಕಾಏಕಿ ಬಂದ ನಿಯಮವಲ್ಲ. ಬರುತ್ತದೆ ಎಂದು ಎಲ್ಲ ಕಂಪನಿಗಳಿಗೂ ಎಷ್ಟೋ ಮೊದಲೇ ಗೊತ್ತಿತ್ತು. ಆದರೂ ದೇಶದ ಒಳಗಿನ ಪ್ರಯಾಣಿಕರಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಮಂದಿಯನ್ನು ಹೊರುವ ಇಂಡಿಗೊ ಅದಕ್ಕೆ ಬೇಕಾದ ಪೈಲಟ್‌ಗಳನ್ನು ಹೊಂದಿಸಿಕೊಂಡಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಅಗ್ಗದ ಟಿಕೆಟ್ ಹುಟ್ಟುವುದೇ ಹೀಗೆ: ಹೆಚ್ಚುವರಿ ಪೈಲಟ್ ಬೇಡ, ಕಾಯ್ದಿರಿಸಿದ ವಿಮಾನ ಬೇಡ, ನಿಲ್ದಾಣದಲ್ಲಿ ಹೆಚ್ಚು ಸಿಬ್ಬಂದಿ ಬೇಡ. ನೆಟ್ಟಗೆ ನಡೆದಷ್ಟು ದಿನ ಆ ಉಳಿತಾಯದಲ್ಲಿ ನಮಗೂ ಒಂದಷ್ಟು ಪಾಲು ಸಿಗುತ್ತದೆ. ಕೆಟ್ಟ ದಿನ ಬಂದಾಗ ಹೊರೆಯೆಲ್ಲ ನಮ್ಮ ಮೇಲೆ.

ಆದ್ದರಿಂದಲೇ ‘ಅಗ್ಗದ ವಿಮಾನ ಲಾಭವೋ, ಪೂರ್ಣ ಸೇವೆಯ ವಿಮಾನ ಲಾಭವೋ’ ಎಂದು ಪತ್ರಿಕೆಗಳಲ್ಲಿ ಆಗಾಗ ಬರುವ ಪಟ್ಟಿಗಳು ನನಗೆ ಹುಸಿಯಾಗಿ ಕಾಣುತ್ತವೆ. ಅವು ಹೋಲಿಸುವುದು ಟಿಕೆಟ್ ದರವನ್ನು, ಹೆಚ್ಚೆಂದರೆ ಊಟವನ್ನು. ಹೋಲಿಸಬೇಕಾದದ್ದು ಕೆಟ್ಟ ದಿನದ ಖರ್ಚನ್ನು.

ಅಗ್ಗದ ವಿಮಾನವನ್ನು ಬೈಯುವುದು ನನ್ನ ಉದ್ದೇಶವಲ್ಲ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡದಿದ್ದರೆ ಹುಬ್ಬಳ್ಳಿಯಂಥ ಊರಿನ ಸಾಮಾನ್ಯರು ವಿಮಾನ ಹತ್ತಲು ಇನ್ನೆಷ್ಟು ವರ್ಷ ಕಾಯಬೇಕಿತ್ತೋ. ಒಂದು ರೂಪಾಯಿಗೂ ಅವರು ಟಿಕೆಟ್ ಮಾರಿದರು. ಪೂರ್ಣ ಸೇವೆಯವರ ವೈಭವವನ್ನೂ ಇದೇ ಬೆಂಗಳೂರಿನಲ್ಲಿ ಕಂಡಿದ್ದೇವೆ. 2005ರಲ್ಲಿ ಹಾರಿದ ಕಿಂಗ್‌ಫಿಷರ್, ಏರ್ ಡೆಕ್ಕನ್ನನ್ನೂ ನುಂಗಿ, 2012ರಲ್ಲಿ ನೆಲಕಚ್ಚಿತು. 2019ರಲ್ಲಿ ಜೆಟ್ ಏರ್‌ವೇಸ್ ನಿಂತಿತು, 2023ರಲ್ಲಿ ಅಗ್ಗದ ಗೋ ಫಸ್ಟ್ ನಿಂತಿತು. ಮುಂಗಡ ಟಿಕೆಟ್ ಕೊಂಡವರ ಹಣ ಎರಡೂ ಬಗೆಯಲ್ಲಿ ಸಿಕ್ಕಿಬಿತ್ತು.

ಈಗಂತೂ ಆ ಎರಡರ ನಡುವಿನ ಗೆರೆಯೇ ಅಳಿಸುತ್ತಿದೆ. ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದೊಳಗೆ ಸೇರಿತು. ದೇಶದೊಳಗಿನ ದೊಡ್ಡ ಪೂರ್ಣ ಸೇವೆಯ ಕಂಪನಿಯೆಂದು ಉಳಿದದ್ದು ಏರ್ ಇಂಡಿಯಾ ಒಂದೇ. ಅದೂ 2024ರ ಮೇ ತಿಂಗಳಲ್ಲಿ ತನ್ನ ಕೆಳದರದ ಟಿಕೆಟ್‌ಗಳ ಉಚಿತ ಲಗೇಜನ್ನು 15 ಕೆ.ಜಿ.ಗೆ ಇಳಿಸಿ ಅಗ್ಗದವರ ಸಾಲಿಗೆ ಬಂದು ನಿಂತಿತು. ಅದರ ತಂಗಿ ಕಂಪನಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಒಂದು ಹೆಜ್ಜೆ ಮುಂದೆ ಹೋಗಿ, ಕೈಚೀಲ ಬಿಟ್ಟು ಬೇರೆ ಲಗೇಜೇ ಇಲ್ಲದ ಟಿಕೆಟ್ ತಂದಿತು. ಬೇಕಾದವರು ಬೇಕಾದ್ದಕ್ಕೆ ಮಾತ್ರ ಕೊಡಲಿ ಎನ್ನುವುದು ಇದರ ಹಿಂದಿನ ವಾದ. ಕೇಳಲು ಚೆಂದ.

ನಮ್ಮ ಕಡೆಯ ಒಂದು ಮನೆಯ ಲಗೇಜು ನೋಡಿ. ಮಗ ದಿಲ್ಲಿಯಲ್ಲೋ ಪುಣೆಯಲ್ಲೋ ನೌಕರಿಯಲ್ಲಿದ್ದಾನೆ, ಸೊಸೆ ಬಾಣಂತಿ. ಅವ್ವ ಹೊರಟರೆ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಂಟಿನುಂಡಿ, ಗಂಗಾವತಿಯ ಸೋನಾಮಸೂರಿ ಅಕ್ಕಿ ಒಂದಿಷ್ಟು, ಕೂಸಿಗೆ ಕುಲಾವಿ. ಕೌಂಟರಿನ ತಕ್ಕಡಿ 19 ಕೆ.ಜಿ. ತೋರಿಸುತ್ತದೆ. ಹೆಚ್ಚಾದ ಪ್ರತಿ ಕೆ.ಜಿ.ಗೂ ನೂರಾರು ರೂಪಾಯಿ. ಹಿಂದೆ ಸಾಲು ನಿಂತಿದೆ. ಆಕೆ ನೆಲದ ಮೇಲೆ ಕುಳಿತು ಚೀಲ ಬಿಚ್ಚುತ್ತಾಳೆ, ರೊಟ್ಟಿಯ ಗಂಟನ್ನು ಕೈಚೀಲಕ್ಕೆ ಸೇರಿಸುತ್ತಾಳೆ, ಕೈಚೀಲದ 7 ಕೆ.ಜಿ. ಮಿತಿಯೂ ಮೀರುತ್ತದೆ. ಕೊನೆಗೆ ಅಕ್ಕಿ ಹಿಂದಕ್ಕೆ ಬರುತ್ತದೆ, ಇಲ್ಲವೇ ಅಕ್ಕಿಯ ಬೆಲೆಯ ಹತ್ತು ಪಟ್ಟು ಕೊಟ್ಟು ವಿಮಾನ ಏರುತ್ತದೆ. ಬೇಕಾದವರು ಮಾತ್ರ ಕೊಡಲಿ ಎಂದವರ ಮನಸ್ಸಿನಲ್ಲಿ ಇದ್ದದ್ದು ಲ್ಯಾಪ್‌ಟಾಪ್ ಚೀಲ ಹಿಡಿದು ಸಂಜೆಗೆ ಮರಳುವ ಪ್ರಯಾಣಿಕ, ಈಕೆಯಲ್ಲ. ಲಗೇಜಿನ ಈ ಕಡಿತ ಮತ್ತು ಮನಬಂದ ದರಗಳ ಬಗ್ಗೆ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿ, 2025ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ನೋಟಿಸೂ ಜಾರಿಯಾಗಿದೆ.

ಇನ್ನು ದಾರಿ ಖರ್ಚು. ಕೊಪ್ಪಳದ ಪಕ್ಕದ ಭಾಗ್ಯನಗರದಿಂದ ಗದಗ ದಾಟಿ ಹುಬ್ಬಳ್ಳಿ ನಿಲ್ದಾಣಕ್ಕೆ ನೂರು ಕಿ.ಮೀ.ಗೂ ಹೆಚ್ಚು. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣ ಹತ್ತಿರ, ಆದರೆ ಅಲ್ಲಿಂದ ಹಾರುವ ವಿಮಾನಗಳು ಬೆರಳೆಣಿಕೆಯವು. ಅಲ್ಲಿ ಕೇಂದ್ರದ ಉಡಾನ್ ಯೋಜನೆಯಡಿ ಹಾರುತ್ತಿದ್ದ ಟ್ರೂಜೆಟ್ 2022ರಲ್ಲಿ ಬಾಗಿಲು ಹಾಕಿತು, ಈಚೆಗೆ ಸ್ಟಾರ್ ಏರ್ ಬಂದಿದೆ. ಉಡಾನ್‌ನ ಎರಡನೇ ಸುತ್ತಿನ ಪಟ್ಟಿಯಲ್ಲಿ 2018ರಲ್ಲೇ ಕೊಪ್ಪಳದ ಹೆಸರಿತ್ತು. ಗಿಣಿಗೇರಿಯಲ್ಲಿ ಖಾಸಗಿ ಏರ್‌ಸ್ಟ್ರಿಪ್ಪೂ ಇದೆ. ಸಾಮಾನ್ಯರ ವಿಮಾನ ಮಾತ್ರ ಇಳಿಯಲಿಲ್ಲ. ನಸುಕಿನ ಅಗ್ಗದ ವಿಮಾನ ಹಿಡಿಯಬೇಕೆಂದರೆ ನಡುರಾತ್ರಿ ಬಾಡಿಗೆ ಕಾರು ಮಾಡಬೇಕು, ಇಲ್ಲವೇ ಹಿಂದಿನ ದಿನವೇ ಹುಬ್ಬಳ್ಳಿ ಲಾಡ್ಜಿನಲ್ಲಿ ಉಳಿಯಬೇಕು. ಬೆಂಗಳೂರಿಗೇ ಹೋಗುವುದಾದರೆ ದೇವನಹಳ್ಳಿಯಲ್ಲಿ ಇಳಿದ ಮೇಲೆ ಪೇಟೆ ಸೇರಲು ಮತ್ತೊಂದು ಟ್ಯಾಕ್ಸಿ. ಅದಕ್ಕಿಂತ ರಾತ್ರಿ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದವನೇ ಜಾಣ. ಬೆಂಗಳೂರಿನ ಮಟ್ಟಿಗೆ ನಮಗೆ ಎರಡೂ ಬಗೆಯ ವಿಮಾನ ತುಟ್ಟಿಯೇ.

ವಿಮಾನ ನಮಗೆ ನಿಜಕ್ಕೂ ಬೇಕಾಗುವುದು ಅದರಾಚೆ ಹೋಗಲು. ಮಗ್ಗಗಳ ಊರಾದ ಭಾಗ್ಯನಗರ ಕೂದಲಿನ ಉದ್ಯಮಕ್ಕೂ ಹೆಸರಾಗಿದೆ. ಉದ್ದ ನೋಡಿ ಕೂದಲು ವಿಂಗಡಿಸಿ ಕಟ್ಟುವ ಕೆಲಸ ಇಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಅನ್ನ. ಇಲ್ಲಿಯ ವ್ಯಾಪಾರಿ ಕೋಲ್ಕತ್ತಕ್ಕೋ ದಿಲ್ಲಿಗೋ ಹೊರಟಾಗ ಬೆಂಗಳೂರಿನಲ್ಲಿ ವಿಮಾನ ಬದಲಿಸಬೇಕು ಅನ್ನಿ. ಮೊಬೈಲ್ ಆ್ಯಪು ಎರಡು ಕಂಪನಿಗಳ ಅಗ್ಗದ ಟಿಕೆಟ್ ಜೋಡಿಸಿ ಸಾವಿರ ರೂಪಾಯಿ ಉಳಿಸಿ ತೋರಿಸುತ್ತದೆ. ಎರಡೂ ಬೇರೆ ಬೇರೆ ಪಿಎನ್‌ಆರ್. ಒಂದು ಟರ್ಮಿನಲ್ 1ರಲ್ಲಿ ಇಳಿಸಿದರೆ ಇನ್ನೊಂದು 2ರಿಂದ ಹೊರಡಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆ ಟಿಕೆಟ್ ಹೋಯಿತು. ಮೊದಲಿನವರು ‘ನಿಮ್ಮನ್ನು ಬೆಂಗಳೂರಿಗೆ ತಲುಪಿಸಿದೆವಲ್ಲ’ ಎನ್ನುತ್ತಾರೆ, ಎರಡನೆಯವರು ‘ನೀವು ಬರಲಿಲ್ಲವಲ್ಲ’ ಎನ್ನುತ್ತಾರೆ. ಅದೇ ಒಂದೇ ಪಿಎನ್‌ಆರ್‌ನಲ್ಲಿ ಬರೆಸಿದ್ದರೆ ಮುಂದಿನ ವಿಮಾನಕ್ಕೆ ಕೂರಿಸುವ ಹೊಣೆ ಕಂಪನಿಯದು, ಅದು ಅಗ್ಗದ ಕಂಪನಿಯಾದರೂ ಸರಿ. ಸಣ್ಣ ಊರಿನವನಿಗೆ ಊಟದ ತಟ್ಟೆಗಿಂತ, ಮೆತ್ತನೆ ಸೀಟಿಗಿಂತ ಇದು ದೊಡ್ಡದು.

ಸರ್ಕಾರ ಏನು ಮಾಡಿತು? ಆ ಡಿಸೆಂಬರ್‌ನಲ್ಲಿ ದರ ಗಗನಕ್ಕೇರಿದಾಗ ಮಿತಿ ಹಾಕಿತು: 500 ಕಿ.ಮೀ. ಒಳಗೆ 7,500 ರೂಪಾಯಿ, 1,500 ಕಿ.ಮೀ. ಮೀರಿದರೆ 18,000, ಮೇಲೆ ತೆರಿಗೆ, ಶುಲ್ಕ ಬೇರೆ. ಹುಬ್ಬಳ್ಳಿ–ಬೆಂಗಳೂರು ಒಂದು ತಾಸಿನ ಹಾರಾಟ. ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ ಎಂದು 2017ರಲ್ಲಿ ಉಡಾನ್ ಶುರು ಮಾಡಿದ್ದೂ ಇದೇ ಸರ್ಕಾರ. ಅದರ ಮೂರು ಪಟ್ಟನ್ನು ಕಡಿವಾಣ ಎಂದು ಕರೆಯಲು ಧೈರ್ಯ ಬೇಕು.

ದರಕ್ಕೆ ಕೈ ಹಾಕಿದರೆ ಅಗ್ಗದ ಟಿಕೆಟ್ಟೇ ಇಲ್ಲವಾಗುತ್ತದೆ, ನಷ್ಟ ಬಡವನಿಗೇ ಎಂದು ಕಂಪನಿಗಳ ಪರ ಇರುವವರು ಹೇಳುತ್ತಾರೆ. ಅದರಲ್ಲಿ ಹುರುಳಿಲ್ಲವೆನ್ನಲಾರೆ. ದರ ಅವರೇ ಇಟ್ಟುಕೊಳ್ಳಲಿ. ಆದರೆ ಪೂರ್ತಿ ದರವನ್ನು ಮೊದಲೇ ಹೇಳಲಿ. ತೆರಿಗೆ, ತಪ್ಪಿಸಲಾಗದ ಶುಲ್ಕ ಎಲ್ಲ ಸೇರಿದ ಕೊನೆಯ ಮೊತ್ತವನ್ನೇ ತೋರಿಸಬೇಕು ಎಂದು ಯುರೋಪಿನಲ್ಲಿ 2008ರಿಂದಲೇ ನಿಯಮವಿದೆ. ಅಗ್ಗದ ವಿಮಾನಗಳು ಅಲ್ಲಿಂದ ಓಡಿಹೋಗಲಿಲ್ಲ. ನಮ್ಮಲ್ಲಿ ಅದರ ಜೊತೆಗೆ 15 ಕೆ.ಜಿ. ಲಗೇಜು ಸೇರಿದ ದರವನ್ನೂ ಮೊದಲ ಪರದೆಯಲ್ಲೇ ತೋರಿಸಲು ವಿಮಾನಯಾನ ನಿಯಂತ್ರಕ ಡಿಜಿಸಿಎ ಆದೇಶಿಸಬೇಕು. ವಿಮಾನ ರದ್ದಾದರೆ ಬೇರೆ ಕಂಪನಿಯ ವಿಮಾನದಲ್ಲಾದರೂ ಸರಿ, ಅದೇ ದಿನ ಊರು ಮುಟ್ಟಿಸುವುದು ಕಡ್ಡಾಯವಾಗಬೇಕು. ಕೊಪ್ಪಳಕ್ಕೆ ವಿಮಾನ ನಿಲ್ದಾಣ ಕೊಡಿ ಎಂದು ಮನವಿಪತ್ರ ಹಿಡಿದು ದಿಲ್ಲಿಗೆ ಹೋಗುವ ನಮ್ಮ ಸಂಸದರು, ಶಾಸಕರು ಅದೇ ಕಾಗದದಲ್ಲಿ ಈ ಎರಡು ಸಾಲನ್ನೂ ಸೇರಿಸಲಿ.

ಅಲ್ಲಿಯವರೆಗೆ ಓದುಗರಿಗೆ ಒಂದು ಮಾತು. ಮುಂಚಿತವಾಗಿ ತಿಳಿಸದೆ ವಿಮಾನ ರದ್ದು ಮಾಡಿದರೆ, ಅದು ಕಂಪನಿಯ ಕೈಮೀರಿದ ಕಾರಣದಿಂದ ಆಗಿಲ್ಲದಿದ್ದರೆ, ಟಿಕೆಟ್ ಹಣದ ಜೊತೆಗೆ ಹಾರಾಟದ ಅವಧಿ ನೋಡಿ 5,000ದಿಂದ 10,000 ರೂಪಾಯಿವರೆಗೆ ಪರಿಹಾರಕ್ಕೆ ಡಿಜಿಸಿಎ ನಿಯಮದಲ್ಲಿ ಅವಕಾಶವಿದೆ. ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟು ಸಿಗುತ್ತದೆ. ಅಗ್ಗದ ಕಂಪನಿಗೂ ಪೂರ್ಣ ಸೇವೆಯ ಕಂಪನಿಗೂ ನಿಯಮ ಒಂದೇ. ಟಿಕೆಟ್, ಬೋರ್ಡಿಂಗ್ ಪಾಸ್, ಕಂಪನಿ ಕಳಿಸಿದ ಮೆಸೇಜು ಅಳಿಸಬೇಡಿ. ಪರಿಹಾರ ಕೊಡದಿದ್ದರೆ ದೂರು ಕೊಡಲು ಬೆಂಗಳೂರಿಗೋ ಗುರುಗ್ರಾಮಕ್ಕೋ ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಅಂದರೆ ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗದಲ್ಲಿ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.