ನೂರರ ಅಜ್ಜಿ, ಎಪ್ಪತ್ತರ ಸೊಸೆ

ಸಾಲುಮರದ ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡಾಗ ಅವರಿಗೆ 114 ವರ್ಷ ಎಂದು ಪತ್ರಿಕೆಗಳು ಬರೆದವು. ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳು, 2019ರ ಪದ್ಮಶ್ರೀ ಎಲ್ಲರಿಗೂ ನೆನಪಾದವು. ಮಕ್ಕಳಿಲ್ಲದ ಆ ಜೀವಕ್ಕೆ, ಪತಿ ಚಿಕ್ಕಯ್ಯ 1991ರಲ್ಲಿ ಹೋದ ಮೇಲೆ, ಇಳಿವಯಸ್ಸಿನಲ್ಲಿ ಊರುಗೋಲಾದವರು ಸಾಕುಮಗ ಉಮೇಶ್. ದೀರ್ಘಾಯುಸ್ಸಿನ ಹಿಂದೆ ಯಾವಾಗಲೂ ಇನ್ನೊಬ್ಬರ ಕೈ ಇರುತ್ತದೆ.

ಸಣ್ಣ ಊರಿನ ಮನೆಗಳಲ್ಲಿ ಆ ಕೈ ಹೆಚ್ಚಾಗಿ ಸೊಸೆಯದು. ಅಜ್ಜಿಗೆ ನೂರು ತುಂಬಿದ ದಿನ ಮುಂಬೈ, ಪುಣೆ, ದೆಹಲಿಯಿಂದ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಶಾಲು, ಹಾರ, ಫೋಟೊ. ಆಯುಸ್ಸಿನ ಗುಟ್ಟು ರಾಗಿ ಮುದ್ದೆಯೇ ಎಂಬ ಚರ್ಚೆ. ಮರುದಿನ ಉಳಿಯುವುದು ಅಜ್ಜಿ ಮತ್ತು ಸೊಸೆ. ಆ ಸೊಸೆಗೂ ಎಪ್ಪತ್ತು, ಅವಳಿಗೂ ಮಂಡಿನೋವು. ರಾತ್ರಿ ಎರಡು ಸಲ ಎದ್ದು ಅಜ್ಜಿಯನ್ನು ಬಚ್ಚಲಿಗೆ ಕರೆದೊಯ್ಯುವವಳು ಅವಳೇ.

ವಯಸ್ಸಿನೊಂದಿಗೆ ಖರ್ಚೂ ಏರುತ್ತದೆಂದು ಸರ್ಕಾರಕ್ಕೆ ಗೊತ್ತು. ಕೇಂದ್ರದ ಪಿಂಚಣಿ, ಕುಟುಂಬ ಪಿಂಚಣಿ ಪಡೆಯುವವರಿಗೆ 80 ತುಂಬಿದರೆ ಮೂಲ ಪಿಂಚಣಿಯ ಶೇ 20 ಹೆಚ್ಚುವರಿ, 100 ತುಂಬಿದರೆ ಶೇ 100. ಕೂಲಿ ಮಾಡಿ ಬದುಕಿದ ಬಡ ಅಜ್ಜಿಗೆ ಮಾತ್ರ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು 80ರಿಂದ 500 ರೂಪಾಯಿ, ನೂರಾದರೂ ಅಷ್ಟೇ. ಸೊಸೆಯ ದುಡಿಮೆಗೆ ಎರಡೂ ಲೆಕ್ಕದಲ್ಲಿ ಜಾಗವಿಲ್ಲ.

ಸರ್ಕಾರ ಇದನ್ನು ತಿದ್ದಬೇಕು. ಅಲ್ಲಿಯವರೆಗೆ ದೂರದ ಮಕ್ಕಳು ಆಯಾ ಒಬ್ಬಳ ಸಂಬಳವನ್ನು ಹಂಚಿಕೊಳ್ಳಲಿ. ಸರದಿಯಂತೆ ಹದಿನೈದು ದಿನ ಬಂದು ಇರಲಿ. ಆಗಲಾದರೂ ಸೊಸೆ ರಾತ್ರಿಯಿಡೀ ನಿದ್ದೆ ಮಾಡಲಿ.